ತರಬೇತಿ ಮುಗಿದ ಮೇಲೆ ಹೊಲ ಎಲ್ಲಿದೆ? ನಿರಾಶ್ರಿತರು ಮತ್ತು ವಲಸಿಗರು ಸ್ವಂತ ಬೇಸಾಯ ಕಟ್ಟಿಕೊಳ್ಳುವ ಬಗ್ಗೆ ಒಂದು ಚರ್ಚೆ

ನೇಗಿಲಗೆರೆ (ಚರ್ಚೆ ಆರಂಭಿಸಿದವರು)

ಯುದ್ಧ, ದೌರ್ಜನ್ಯ ಅಥವಾ ಬಡತನದ ಕಾರಣದಿಂದ ಸ್ವಂತ ದೇಶವನ್ನು ಬಿಟ್ಟು ಬಂದವರು ಹೊಸ ನೆಲದಲ್ಲಿ ಕೃಷಿಕರಾಗಿ ನೆಲೆಯೂರಲು ನೆರವಾಗುವ ಯೋಜನೆಗಳು ಇಂದು ಹಲವು ದೇಶಗಳಲ್ಲಿವೆ. ಅವುಗಳ ವರದಿಗಳನ್ನು ಓದುತ್ತಾ ಹೋದಂತೆ ಒಂದು ಕೊರತೆ ನನಗೆ ಎದ್ದು ಕಾಣುತ್ತದೆ. ಎಷ್ಟು ತರಗತಿಗಳು ನಡೆದವು, ಎಷ್ಟು ಮಂದಿಗೆ ಪ್ರಮಾಣಪತ್ರ ಸಿಕ್ಕಿತು, ಎಷ್ಟು ಬಗೆಯ ತರಕಾರಿ ಬೆಳೆಯಲಾಯಿತು ಎಂಬುದೆಲ್ಲ ವಿವರವಾಗಿ ಇರುತ್ತದೆ. ತರಬೇತಿ ಪಡೆದವರು ಐದಾರು ವರ್ಷಗಳ ನಂತರ ಯಾರ ಜಮೀನಿನಲ್ಲಿ, ಎಂಥ ಕರಾರಿನ ಮೇಲೆ ಬೇಸಾಯ ಮಾಡುತ್ತಿದ್ದಾರೆ, ಅದರಿಂದ ಅವರ ಮನೆ ನಡೆಯುತ್ತಿದೆಯೇ ಎಂಬುದು ಮಾತ್ರ ಅಪರೂಪಕ್ಕೆ ಸಿಗುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೀಗೆ ಬಂದವರಲ್ಲಿ ಅನೇಕರು ತಲೆತಲಾಂತರದಿಂದ ರೈತರೇ. ಸೊಮಾಲಿಯದ ಜುಬ್ಬಾ ನದಿಯ ಕಣಿವೆಯಿಂದ ಬಂದ ಬಂಟು ಸಮುದಾಯದವರು, ಬರ್ಮಾದಿಂದ ಬಂದ ಕರೆನ್ ಜನ, 1975ರ ನಂತರ ಲಾವೋಸಿನಿಂದ ಅಮೆರಿಕ ಸೇರಿದ ಹ್ಮಾಂಗ್ ಜನ, ಭೂತಾನದಿಂದ ಹೊರದೂಡಲ್ಪಟ್ಟ ನೇಪಾಳಿ ಭಾಷಿಕರು, ಇವರೆಲ್ಲರ ಬದುಕು ಉಳುಮೆಯ ಸುತ್ತಲೇ ಕಟ್ಟಿಕೊಂಡದ್ದಾಗಿತ್ತು. ಬಿತ್ತನೆ, ಕಳೆ, ಬೀಜ ಕಾಪಿಡುವುದು, ಇವನ್ನು ಅವರಿಗೆ ಮೊದಲ ಅಕ್ಷರದಿಂದ ಕಲಿಸಹೊರಡುವುದು ಸಮಯವನ್ನೂ ಹಣವನ್ನೂ ತಪ್ಪು ಜಾಗದಲ್ಲಿ ಹಾಕಿದಂತೆ. ಅವರಿಗೆ ಇಲ್ಲದಿರುವುದು ಇಂದು ಹಾಕಿದ ಗೊಬ್ಬರದ ಫಲವನ್ನು ಮೂರು ವರ್ಷದ ನಂತರವೂ ತಾವೇ ಉಣ್ಣಬಹುದೆಂಬ ಖಾತರಿ. ಅದರ ಜೊತೆಗೆ ಮಾರುಕಟ್ಟೆಯ ಪರಿಚಯ, ಸಾಲಕ್ಕೆ ಬೇಕಾದ ಕಾಗದಪತ್ರ, ಹೊಸ ದೇಶದ ನಿಯಮಗಳ ತಿಳಿವಳಿಕೆ ಇವೂ ಇಲ್ಲ. ಆದರೆ ಇವೆಲ್ಲವೂ ಜಮೀನಿನ ಖಾತರಿಯ ಹಿಂದೆ ಬರುವ ವಿಷಯಗಳು ಎಂದು ನಾನು ಭಾವಿಸುತ್ತೇನೆ.

ಈ ಕೆಲಸವನ್ನು ಹತ್ತಿರದಿಂದ ಬಲ್ಲವರು, ಅದರ ಇತಿಹಾಸ ಓದಿದವರು, ಭಿನ್ನಾಭಿಪ್ರಾಯ ಇರುವವರು ದಯವಿಟ್ಟು ಬರೆಯಿರಿ. ಕರುಣೆಯ ಮಾತಿಗಿಂತ ಕೆಲಸದ ವಿವರಗಳು ನಮಗೆ ಹೆಚ್ಚು ಬೇಕಾಗಿವೆ.

ಹಳೆಕಡತ

ನೇಗಿಲಗೆರೆ ಅವರೇ, ಜಮೀನಿನ ಹಿಡಿತವೇ ಮೊದಲು ಎಂಬ ನಿಮ್ಮ ಮಾತಿಗೆ ಇತಿಹಾಸದಿಂದ ಒಂದು ಬಲವಾದ ಪುರಾವೆ ಕೊಡುತ್ತೇನೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ಯಾಲಿಫೋರ್ನಿಯಕ್ಕೆ ಬಂದ ಜಪಾನೀಯರು ಮತ್ತು ಪಂಜಾಬಿಗಳು ಬೇಸಾಯದಲ್ಲಿ ಯಾರ ಸಹಾಯವೂ ಬೇಕಾದವರಾಗಿರಲಿಲ್ಲ. ಬೇರೆಯವರು ಕೈಬಿಟ್ಟ ನೆಲವನ್ನೂ ಹದಕ್ಕೆ ತಂದು ತರಕಾರಿ, ಹಣ್ಣು, ಭತ್ತ ಬೆಳೆದವರು ಅವರು. ಅವರನ್ನು ತಡೆದದ್ದು ಕಾನೂನು. 1913ರಲ್ಲಿ ಆ ರಾಜ್ಯ ತಂದ ಪರಕೀಯರ ಭೂಕಾಯ್ದೆಯ ಪ್ರಕಾರ ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲದ ಪರದೇಶಿಗಳು ಕೃಷಿಭೂಮಿ ಕೊಳ್ಳುವಂತಿರಲಿಲ್ಲ. ಗುತ್ತಿಗೆ ಮೂರು ವರ್ಷ ಮೀರುವಂತಿರಲಿಲ್ಲ. 1920ರ ತಿದ್ದುಪಡಿ ಆ ಗುತ್ತಿಗೆಯನ್ನೂ ಕಿತ್ತುಕೊಂಡಿತು. ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ಕೊಟ್ಟ ಮೇಲೆ ಪಂಜಾಬಿ ರೈತರೂ ಅದೇ ಕಾಯ್ದೆಯ ಬಲೆಗೆ ಬಿದ್ದರು. ಆಗ ಅವರು ಕಂಡುಕೊಂಡ ದಾರಿಯೆಂದರೆ ಅಮೆರಿಕದಲ್ಲೇ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಅಥವಾ ನಂಬಿಕೆಯ ಬಿಳಿಯರ ಹೆಸರಿನಲ್ಲಿ ಜಮೀನು ಇಟ್ಟುಕೊಳ್ಳುವುದು. ಆ ನಂಬಿಕೆ ಮುರಿದರೆ ನ್ಯಾಯಾಲಯಕ್ಕೆ ಹೋಗುವ ದಾರಿಯೂ ಇರಲಿಲ್ಲ. 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ಬಂದಿತು, 1952ರಲ್ಲಿ ಕ್ಯಾಲಿಫೋರ್ನಿಯದ ಸುಪ್ರೀಂ ಕೋರ್ಟ್ ಆ ಭೂಕಾಯ್ದೆಯನ್ನು ತಳ್ಳಿಹಾಕಿತು, 1956ರಲ್ಲಿ ಅದು ಶಾಸನಗ್ರಂಥದಿಂದಲೇ ಹೋಯಿತು. ಯೂಬಾ ಸಿಟಿ ಸುತ್ತಮುತ್ತ ಪಂಜಾಬಿ ಕುಟುಂಬಗಳ ಪೀಚ್ ಮತ್ತು ಬಾದಾಮಿ ತೋಟಗಳು ಬೆಳೆದು ನಿಂತದ್ದು ಈ ಅಡ್ಡಿ ಸರಿದ ಮೇಲೆ.

ಇನ್ನೊಂದು ಮಾತು. ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದದ 18ನೆಯ ವಿಧಿಯು ನಿರಾಶ್ರಿತರು ಸ್ವಂತ ಬಲದ ಮೇಲೆ ಕೃಷಿ, ಕೈಗಾರಿಕೆ, ಕರಕುಶಲ ಮತ್ತು ವ್ಯಾಪಾರ ನಡೆಸುವ ಬಗ್ಗೆ ಹೇಳುತ್ತದೆ. ಕೃಷಿಯ ಹೆಸರು ಅಲ್ಲಿ ಮೊದಲಿಗೇ ಇದೆ. 13ನೆಯ ವಿಧಿ ಸ್ಥಿರಾಸ್ತಿ ಮತ್ತು ಗುತ್ತಿಗೆಯ ಬಗ್ಗೆ ಇದೆ. ಎರಡೂ ವಿಧಿಗಳು ಆತಿಥೇಯ ದೇಶಕ್ಕೆ ಹಾಕುವ ಕಟ್ಟಳೆ ಮಾತ್ರ ಮೆದುವಾದದ್ದು: ಸಾಧ್ಯವಾದಷ್ಟು ಅನುಕೂಲಕರವಾಗಿ, ಕನಿಷ್ಠ ಇತರ ಪರದೇಶಿಗಳಿಗೆ ಕೊಡುವಷ್ಟಾದರೂ ಕೊಡಬೇಕು, ಅಷ್ಟೇ. ಪರದೇಶಿಗಳು ಯಾರೂ ಕೃಷಿಭೂಮಿ ಕೊಳ್ಳುವಂತಿಲ್ಲ ಎಂದಿರುವ ದೇಶದಲ್ಲಿ ನಿರಾಶ್ರಿತನಿಗೆ ಈ ವಿಧಿಯಿಂದ ಒಂದು ಗುಂಟೆಯೂ ದಕ್ಕುವುದಿಲ್ಲ. ಆದ್ದರಿಂದ ಯಾವುದೇ ಯೋಜನೆ ಮೊದಲು ಕೇಳಬೇಕಾದ ಪ್ರಶ್ನೆ, ಈ ದೇಶದಲ್ಲಿ ಇವರ ಹೆಸರಿಗೆ ಯಾವ ಬಗೆಯ ಹಿಡುವಳಿ ಸಾಧ್ಯ ಎಂಬುದು.

ಖುಷ್ಕಿ

ಚರ್ಚೆಗೆ ಧನ್ಯವಾದಗಳು. ಆದರೆ ಅವರೆಲ್ಲ ರೈತರೇ, ಬೇಸಾಯ ಕಲಿಸುವ ಅಗತ್ಯವಿಲ್ಲ ಎಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಬೇಸಾಯದ ತಿಳಿವಳಿಕೆ ಮಣ್ಣಿಗೂ ಮಳೆಗೂ ಅಂಟಿಕೊಂಡಿರುವಂಥದ್ದು. ಒಂದು ಕಡೆ ತಲೆಮಾರುಗಳಿಂದ ಪಳಗಿದ ರೈತ ಇನ್ನೊಂದು ಕಡೆ ಬರಿಗೈಯಾಗಬಹುದು.

ಇದಕ್ಕೆ ನಮ್ಮ ದೇಶದ್ದೇ ಕಹಿ ಉದಾಹರಣೆ ಇದೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗಾಗಿ ಕೇಂದ್ರ ಸರ್ಕಾರ 1958ರಲ್ಲಿ ದಂಡಕಾರಣ್ಯ ಯೋಜನೆಯನ್ನು ಆರಂಭಿಸಿತು. ಬಸ್ತರ್ ಮತ್ತು ಕೋರಾಪುಟ್ ಪ್ರದೇಶಗಳಲ್ಲಿ ಕಾಡು ಕಡಿದು ಅವರಿಗೆ ಜಮೀನು ಹಂಚಲಾಯಿತು. ಹಾಗೆ ಹೋದವರಲ್ಲಿ ಬಹಳ ಮಂದಿ ನದಿಮುಖಜ ಭೂಮಿಯಲ್ಲಿ, ನೆರೆ ತಂದು ಹಾಕಿದ ಮೆಕ್ಕಲು ಮಣ್ಣಿನಲ್ಲಿ ಭತ್ತ ಬೆಳೆದು ಮೀನು ಹಿಡಿದು ಬದುಕಿದವರು. ಅವರಿಗೆ ಸಿಕ್ಕಿದ್ದು ಎತ್ತರದ, ನೀರು ನಿಲ್ಲದ, ಕಲ್ಲು ಮಿಶ್ರಿತ ಖುಷ್ಕಿ ನೆಲ. ಜಮೀನು ಕೊಟ್ಟದ್ದು ನಿಜ, ಆದರೆ ನೀರಾವರಿ ಬರಲು ತಡವಾಯಿತು. ಆ ನೆಲಕ್ಕೆ ಒಗ್ಗುವ ಬೆಳೆಗಳ ಬಗ್ಗೆ ಅವರೊಡನೆ ಕೂತು ಮಾತಾಡುವ ಕೆಲಸ ಸಾಕಷ್ಟು ನಡೆಯಲಿಲ್ಲ. ಅಲ್ಲಿ ಮೊದಲಿನಿಂದ ಇದ್ದ ಆದಿವಾಸಿಗಳ ಮನಸ್ಸಿನಲ್ಲೂ ಕಹಿ ಬೆಳೆಯಿತು. 1978ರಲ್ಲಿ ಸಾವಿರಾರು ಕುಟುಂಬಗಳು ಎಲ್ಲವನ್ನೂ ಬಿಟ್ಟು ಸುಂದರಬನದ ಕಡೆಗೆ ಹೊರಟವು, ಮುಂದೆ ಮರಿಚ್‌ಝಾಪಿ ದ್ವೀಪದಿಂದ ಅವರನ್ನು ಪೊಲೀಸ್ ಬಲದಿಂದ ತೆರವುಗೊಳಿಸಿದ್ದು ಸ್ವತಂತ್ರ ಭಾರತದ ದುಃಖದ ಪುಟಗಳಲ್ಲಿ ಒಂದು.

ಶೀತ ದೇಶಗಳಿಗೆ ಹೋದವರ ಕಷ್ಟ ಬೇರೆಯದು. ವರ್ಷದಲ್ಲಿ ಎರಡು ಮೂರು ಬೆಳೆ ತೆಗೆದು ಅಭ್ಯಾಸವಿರುವವರಿಗೆ ವಸಂತದ ಕೊನೆಯ ಕೊರೆಚಳಿಗೂ ಶರತ್ಕಾಲದ ಮೊದಲ ಕೊರೆಚಳಿಗೂ ನಡುವಿನ ನಾಲ್ಕೈದು ತಿಂಗಳಲ್ಲೇ ಇಡೀ ವರ್ಷದ ದುಡಿಮೆ ಮುಗಿಯಬೇಕು ಎಂಬ ಲೆಕ್ಕ ಮೈಗೂಡಲು ಸಮಯ ಬೇಕು. ಬದನೆ, ಮೆಣಸಿನಕಾಯಿಯ ಸಸಿಗಳನ್ನು ಹೊಲದ ಮಣ್ಣು ಬಿಸಿಯಾಗುವುದಕ್ಕೆ ಎರಡು ತಿಂಗಳು ಮೊದಲೇ ಬೆಚ್ಚಗಿನ ಸಸಿಮನೆಯಲ್ಲಿ ಎಬ್ಬಿಸಬೇಕು. ಪ್ಲಾಸ್ಟಿಕ್ ಹೊದಿಸಿದ ಕಮಾನು ಚಪ್ಪರವಿದ್ದರೆ ಹಂಗಾಮನ್ನು ಎರಡೂ ತುದಿಯಲ್ಲಿ ಕೆಲವು ವಾರ ಎಳೆಯಬಹುದು. ನಗರದ ಖಾಲಿ ನಿವೇಶನ ಕೊಟ್ಟರಂತೂ ಇನ್ನೊಂದು ಎಚ್ಚರಿಕೆ: ಹಳೆಯ ಮನೆಗಳ ಬಣ್ಣ ಮತ್ತು ಹಿಂದಿನ ಸೀಸಯುಕ್ತ ಪೆಟ್ರೋಲಿನ ಹೊಗೆಯಿಂದ ಅಂಥ ಮಣ್ಣಿನಲ್ಲಿ ಸೀಸ ಸೇರಿರುವುದು ಸಾಮಾನ್ಯ, ಮಣ್ಣು ಪರೀಕ್ಷೆ ಮಾಡಿಸದೆ ಸೊಪ್ಪು ಬೆಳೆಯಬಾರದು. ಇದನ್ನೆಲ್ಲ ಯಾರಾದರೂ ಹೇಳಿಕೊಡಲೇಬೇಕು.

ಮತ್ತೊಂದು ಸಂಗತಿಯನ್ನೂ ನೆನಪಿಸುತ್ತೇನೆ. ಭೂತಾನದಿಂದ ಬಂದವರು 1990ರ ದಶಕದ ಆರಂಭದಿಂದ ನೇಪಾಳದ ಶಿಬಿರಗಳಲ್ಲಿದ್ದರು, 2007ರ ನಂತರವಷ್ಟೇ ಅವರ ಮರುವಸತಿ ಆರಂಭವಾಯಿತು. ಶಿಬಿರದಲ್ಲಿ ಹುಟ್ಟಿ ಬೆಳೆದ ಯುವಕನ ಅಪ್ಪ ರೈತನಾಗಿರಬಹುದು. ಆ ಯುವಕ ನೇಗಿಲನ್ನೇ ಮುಟ್ಟಿರುವುದಿಲ್ಲ.

ನೇಗಿಲಗೆರೆ

ಖುಷ್ಕಿ ಅವರೇ, ನೀವು ಹೇಳಿದ ಕಲಿಕೆ ಬೇಕೇಬೇಕು. ನಾನು ಆಕ್ಷೇಪಿಸುವುದು ಕಲಿಕೆ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ ಎಂಬ ಊಹೆಯನ್ನು. ದಂಡಕಾರಣ್ಯದಲ್ಲಿ ಕೊರತೆಯಾದದ್ದು ಜಮೀನು ಹಂಚುವ ಮೊದಲು ಯಾವ ನೆಲದಲ್ಲಿ ಏನು ಬೆಳೆಯಬಲ್ಲಿರಿ ಎಂದು ಆ ಜನರನ್ನೇ ಕೇಳುವ ಕ್ರಮ. ಇಷ್ಟು ಹೇಳಿ ಮುಂದಿನವರಿಗೆ ಬಿಡುತ್ತೇನೆ; ತರಬೇತಿ ಹೊಲಗಳ ಒಳಗಿನ ವ್ಯವಸ್ಥೆಯನ್ನು ಬಲ್ಲವರು ಯಾರಾದರೂ ಬರೆದರೆ ಚೆನ್ನಾಗಿತ್ತು.

ಸಸಿಮಡಿ

ಅಮೆರಿಕದಲ್ಲಿ ನಾನಿರುವ ಕಡೆ ಇಂಥದೊಂದು ತರಬೇತಿ ಹೊಲದಲ್ಲಿ ಸ್ವಯಂಸೇವಕಿಯಾಗಿ ಕೆಲಸ ಮಾಡುತ್ತೇನೆ. ಆದ್ದರಿಂದ ಅದರ ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ಹೇಳಬಲ್ಲೆ.

ಇಲ್ಲಿ ಇವನ್ನು ಇನ್‌ಕ್ಯುಬೇಟರ್ ಹೊಲ ಎನ್ನುತ್ತಾರೆ. ಒಂದು ಸಂಸ್ಥೆ ಹತ್ತಾರು ಎಕರೆ ಜಮೀನನ್ನು ಕೊಂಡೋ ಗುತ್ತಿಗೆ ಪಡೆದೋ ಅದನ್ನು ಸಣ್ಣ ತುಂಡುಗಳಾಗಿ ವಿಂಗಡಿಸುತ್ತದೆ. ಹೊಸಬರು ಮೊದಲ ವರ್ಷ ಕಾಲು ಎಕರೆಯಲ್ಲೋ ಅದಕ್ಕೂ ಕಡಿಮೆ ಜಾಗದಲ್ಲೋ ಆರಂಭಿಸುತ್ತಾರೆ. ಟ್ರ್ಯಾಕ್ಟರ್, ಹನಿ ನೀರಾವರಿ ಕೊಳವೆಗಳು, ಸಸಿಮನೆ, ತರಕಾರಿ ತೊಳೆದು ಕಟ್ಟುವ ಕಟ್ಟೆ, ಶೀತಲ ಕೊಠಡಿ, ಇವು ಎಲ್ಲರಿಗೂ ಹಂಚಿಕೆಯಲ್ಲಿರುತ್ತವೆ. ಗೇಣಿ ಮೊದಲು ಬಹಳ ಕಡಿಮೆ ಇದ್ದು ವರ್ಷದಿಂದ ವರ್ಷಕ್ಕೆ ಮಾರುಕಟ್ಟೆಯ ದರದ ಕಡೆಗೆ ಏರುತ್ತದೆ. ಹೀಗೆ ಏರಿಸುವುದು ಮೊದಲ ನೋಟಕ್ಕೆ ಕಠಿಣವೆನಿಸಬಹುದು, ಆದರೆ ಸಹಾಯಧನದ ಬಲದಿಂದ ಮಾತ್ರ ಲಾಭ ತೋರುವ ಬೇಸಾಯ ಹೊರಗೆ ಹೋದ ದಿನವೇ ಕುಸಿಯುತ್ತದೆ. ನಿಜವಾದ ಖರ್ಚು ಏನೆಂದು ಒಳಗಿರುವಾಗಲೇ ಗೊತ್ತಾಗುವುದು ರೈತನಿಗೇ ಒಳ್ಳೆಯದು.

ಮಸಾಚುಸೆಟ್ಸ್‌ನಲ್ಲಿ ನ್ಯೂ ಎಂಟ್ರಿ ಎಂಬ ಯೋಜನೆ 1998ರಲ್ಲೇ ಆರಂಭವಾಯಿತು, ಅದರ ಹಿಂದೆ ಟಫ್ಟ್ಸ್ ವಿಶ್ವವಿದ್ಯಾಲಯವಿದೆ. ಕ್ಯಾಲಿಫೋರ್ನಿಯದ ಸಲಿನಾಸ್ ಕಣಿವೆಯಲ್ಲಿ ಆಲ್ಬಾ ಎಂಬ ಸಂಸ್ಥೆ 2001ರಿಂದ ಸುಮಾರು 100 ಎಕರೆ ಸಾವಯವ ಹೊಲವನ್ನು ಇದಕ್ಕಾಗಿ ನಡೆಸುತ್ತಿದೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ದೊಡ್ಡ ಕಂಪನಿಗಳ ಹೊಲಗಳಲ್ಲಿ ದಿನಗೂಲಿಗೆ ದುಡಿದ ಮೆಕ್ಸಿಕೊ ಮೂಲದವರು. ಸ್ಟ್ರಾಬೆರಿ ಕೊಯ್ಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಯಾವಾಗ ಎಷ್ಟು ನೆಡಬೇಕು, ಯಾರಿಗೆ ಮಾರಬೇಕು, ಕೂಲಿಯವರಿಗೆ ಕೊಟ್ಟು ಎಷ್ಟು ಉಳಿಯುತ್ತದೆ ಎಂಬ ತೀರ್ಮಾನಗಳನ್ನು ಅವರ ಕೈಗೆ ಯಾರೂ ಕೊಟ್ಟಿರಲಿಲ್ಲ. ಅಲ್ಲಿನ ತರಗತಿಗಳು ನಡೆಯುವುದು ಸ್ಪ್ಯಾನಿಷ್ ಭಾಷೆಯಲ್ಲಿ, ದುಡಿಮೆಗೆ ಅಡ್ಡಿಯಾಗದ ಹೊತ್ತಿನಲ್ಲಿ. ಇದು ಸಣ್ಣ ವಿಷಯವೆಂದು ಯಾರೂ ತಿಳಿಯಬಾರದು. ನಮ್ಮಲ್ಲಿ ಬರುವವರಲ್ಲೂ ಬಹುತೇಕರು ಕಾರ್ಖಾನೆಯಲ್ಲೋ ಆಸ್ಪತ್ರೆಯ ಸ್ವಚ್ಛತಾ ಕೆಲಸದಲ್ಲೋ ಪಾಳಿ ಮುಗಿಸಿ ಸಂಜೆ ಹೊಲಕ್ಕೆ ಬರುತ್ತಾರೆ. ಬೆಳಗ್ಗೆ ಹನ್ನೊಂದಕ್ಕೆ ಕಾರ್ಯಾಗಾರ ಇಟ್ಟು, ಜನ ಬರಲಿಲ್ಲ, ಆಸಕ್ತಿಯಿಲ್ಲ ಎಂದು ಬರೆದುಕೊಳ್ಳುವುದು ಅನ್ಯಾಯ.

ಈಗ ನೇಗಿಲಗೆರೆ ಅವರ ಪ್ರಶ್ನೆಗೆ ಬರುತ್ತೇನೆ. ನಿಗದಿತ ವರ್ಷಗಳು ಮುಗಿದ ಮೇಲೆ ಹೊಲ ಬಿಟ್ಟುಕೊಡಬೇಕೆಂಬುದು ಇಂಥ ಬಹಳಷ್ಟು ಕಡೆಗಳ ನಿಯಮ, ಏಕೆಂದರೆ ಹೊಸಬರಿಗೆ ಜಾಗ ಬೇಕು. ಆದರೆ ಹೊರಗೆ ಜಮೀನಿನ ಬೆಲೆ ಗಗನದಲ್ಲಿದೆ, ನೀರಿರುವ ಸಣ್ಣ ತುಂಡುಗಳನ್ನು ಗುತ್ತಿಗೆಗೆ ಕೊಡುವವರು ಕಡಿಮೆ, ಸಿಕ್ಕರೂ ಮಾತಿನ ಮೇಲಿನ ಒಪ್ಪಂದ. ಐದು ವರ್ಷ ಗೊಬ್ಬರ ಹಾಕಿ ಕಪ್ಪಗೆ ಮಾಡಿದ ಮಣ್ಣನ್ನು ಬಿಟ್ಟು ಹೋಗುವ ರೈತರ ಮುಖ ನೋಡುವುದು ನನಗೆ ಈ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗ. ಕೆಲವು ಹೊಲಗಳು ಈಗ ಈ ನಿಯಮವನ್ನೇ ಕೈಬಿಟ್ಟು, ಬೇಕಾದವರು ಬೇಕಾದಷ್ಟು ವರ್ಷ ಇರಬಹುದು ಎನ್ನುತ್ತಿವೆ. ಮಿನ್ನೆಸೋಟದ ಹ್ಮಾಂಗ್ ರೈತರು 2011ರಲ್ಲಿ ತಮ್ಮದೇ ಸಂಘ ಕಟ್ಟಿದರು. ಸೇಂಟ್ ಪಾಲ್ ನಗರದ ದಕ್ಷಿಣಕ್ಕಿರುವ 155 ಎಕರೆ ಹೊಲವನ್ನು ಸದಸ್ಯ ಕುಟುಂಬಗಳು ಹಂಚಿಕೊಂಡು ಬೇಸಾಯ ಮಾಡುತ್ತವೆ. ಸಂಸ್ಥೆಯ ಆಡಳಿತವೂ ಆ ಸಮುದಾಯದವರ ಕೈಯಲ್ಲೇ ಇದೆ. ಹೊರಗಿನವರು ನಡೆಸುವ ತರಬೇತಿ ಹೊಲಕ್ಕಿಂತ ಇದು ಮುಂದಿನ ಹೆಜ್ಜೆ ಎಂದು ನನ್ನ ದೃಢ ಅಭಿಪ್ರಾಯ.

ಜಮಾಖರ್ಚು

ಸಸಿಮಡಿ ಅವರ ಬರಹ ಓದಿ ಬಹಳ ಸಂತೋಷವಾಯಿತು. ನನ್ನ ಕಸುಬು ಲೆಕ್ಕಪತ್ರ, ಆದ್ದರಿಂದ ಹಣದ ಕಡೆಯ ಮಾತು ಬರೆಯುತ್ತೇನೆ.

ಅಮೆರಿಕದ ಕೃಷಿ ಇಲಾಖೆಯು 2013ರಲ್ಲಿ ಸಣ್ಣ ಮತ್ತು ಹೊಸ ರೈತರಿಗಾಗಿ ಮೈಕ್ರೋಲೋನ್ ಎಂಬ ಸಾಲವನ್ನು ಆರಂಭಿಸಿತು; ಅದರ ಮಿತಿ ಈಗ 50,000 ಡಾಲರ್. ಅರ್ಜಿ ಸರಳವಾಗಿದೆ ಎನ್ನುತ್ತಾರೆ, ಮತ್ತು ಹಳೆಯ ಸಾಲಗಳಿಗೆ ಹೋಲಿಸಿದರೆ ಅದು ನಿಜವೂ ಹೌದು. ಆದರೂ ಹಿಂದಿನ ವರ್ಷಗಳ ಆದಾಯ ವೆಚ್ಚ, ಮುಂದಿನ ವರ್ಷದ ಅಂದಾಜು, ಜಮೀನಿನ ಗುತ್ತಿಗೆಯ ಲಿಖಿತ ಕರಾರು ಇವನ್ನು ತೋರಿಸಬೇಕಾಗುತ್ತದೆ. ಮಾತಿನ ಮೇಲೆ ಗೇಣಿ ಕೊಟ್ಟು, ನಗದಿಗೆ ಮಾರಿ, ಏನನ್ನೂ ಬರೆದಿಡದ ರೈತ ಎಷ್ಟೇ ಚೆನ್ನಾಗಿ ಬೆಳೆದಿದ್ದರೂ ಸಾಲದ ಅಧಿಕಾರಿಯ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಮೊದಲ ವರ್ಷದಿಂದಲೇ ಒಂದು ಪುಸ್ತಕ ಇಡಿಸಬೇಕು. ಓದು ಬರಹ ಬಾರದವರಿಗೆ ಚಿತ್ರಗಳ ಪಟ್ಟಿ ಸಾಕು: ಯಾವ ತರಕಾರಿಯ ಚಿತ್ರದ ಎದುರು ಎಷ್ಟು ಕಟ್ಟು ಮಾರಿದೆ, ಎಷ್ಟು ವಾಪಸು ಬಂತು ಎಂದು ಗೆರೆ ಹಾಕಿದರೆ ವರ್ಷದ ಕೊನೆಗೆ ಯಾವ ಬೆಳೆ ದುಡಿಯಿತು, ಯಾವುದು ತಿಂದುಹಾಕಿತು ಎಂಬುದು ಅವರಿಗೇ ತಿಳಿಯುತ್ತದೆ.

ಬಡ್ಡಿಯ ಪ್ರಶ್ನೆಯನ್ನು ಯೋಜನೆ ರೂಪಿಸುವವರು ಮರೆಯುತ್ತಾರೆ. ಮುಸ್ಲಿಂ ನಿರಾಶ್ರಿತರಲ್ಲಿ ಅನೇಕರು ಧರ್ಮದ ಕಾರಣಕ್ಕೆ ಬಡ್ಡಿ ಸಾಲವನ್ನು ಮುಟ್ಟುವುದಿಲ್ಲ. ಅವರಿಗೆ ಸಾಲದ ತರಗತಿ ನಡೆಸಿ ಪ್ರಯೋಜನವಿಲ್ಲ. ಲಾಭದಲ್ಲಿ ಪಾಲು, ಉಪಕರಣವನ್ನು ಸಂಸ್ಥೆ ಕೊಂಡು ಕಂತಿನಲ್ಲಿ ಮಾರುವುದು, ಗ್ರಾಹಕರಿಂದ ಹಂಗಾಮಿಗೆ ಮೊದಲೇ ಹಣ ಪಡೆದು ವಾರವಾರ ತರಕಾರಿ ಪೆಟ್ಟಿಗೆ ಕೊಡುವ ಚಂದಾ ಪದ್ಧತಿ, ಇಂಥ ದಾರಿಗಳನ್ನು ತೆರೆಯಬೇಕು. ಚಂದಾ ಪದ್ಧತಿಯಲ್ಲಿ ಬೀಜ ಗೊಬ್ಬರದ ಹಣ ಬೇಕಾದ ಹೊತ್ತಿಗೇ ಕೈಸೇರುತ್ತದೆ. ಆದರೆ ಪ್ರತಿ ವಾರ ಹತ್ತು ಬಗೆ ತಪ್ಪದೆ ಕೊಡಬೇಕಾದ ಒತ್ತಡ ಹೊಸಬನಿಗೆ ಭಾರವೇ. ಹಲವು ರೈತರು ಸೇರಿ ಒಂದೇ ಪೆಟ್ಟಿಗೆ ತುಂಬುವ ವ್ಯವಸ್ಥೆ ಇದ್ದರೆ ಆ ಭಾರ ಹಂಚಿಹೋಗುತ್ತದೆ.

ಏನನ್ನು ಬೆಳೆಯಬೇಕು ಎಂಬುದರಲ್ಲಿ ನನಗೆ ಸ್ಪಷ್ಟ ಪಕ್ಷವಿದೆ. ಟೊಮೆಟೊ, ಲೆಟ್ಯೂಸ್ ಬೆಳೆದು ದೊಡ್ಡ ಹೊಲಗಳೊಡನೆ ಸ್ಪರ್ಧೆಗೆ ಇಳಿಯುವುದಕ್ಕಿಂತ, ತಮ್ಮ ಸಮುದಾಯದವರು ಹುಡುಕಿಕೊಂಡು ಬರುವ ಪುಂಡಿ, ದಂಟು, ಹಾಗಲ, ಆಫ್ರಿಕದ ಬಿಳಿ ಬದನೆ ಇಂಥವುಗಳಿಂದ ಆರಂಭಿಸುವುದು ಜಾಣತನ. ಬೀಜ ಗೊತ್ತು, ಬೆಳೆ ಗೊತ್ತು, ಕೊಳ್ಳುವವರ ಭಾಷೆಯೂ ಗೊತ್ತು. ಆ ಮಾರುಕಟ್ಟೆ ಚಿಕ್ಕದು ಎಂಬುದನ್ನು ಮಾತ್ರ ಮುಚ್ಚಿಡಬಾರದು. ಕೊಳ್ಳುವವರೂ ಬಡವರೇ ಆಗಿರುವುದರಿಂದ ದರ ಏರಿಸುವುದು ಕಷ್ಟ. ಎರಡು ಮೂರು ವರ್ಷದಲ್ಲಿ ಹೋಟೆಲು, ಶಾಲೆ, ಆಸ್ಪತ್ರೆಗಳ ಅಡುಗೆಮನೆಯವರ ಜೊತೆ ಮಾತುಕತೆಗೆ ಸಂಸ್ಥೆ ಜೊತೆಗೆ ನಿಲ್ಲಬೇಕು.

ಗಡಿಯಾಚೆ

ಇಲ್ಲಿಯವರೆಗಿನ ಮಾತು ಶ್ರೀಮಂತ ದೇಶಗಳ ಸುತ್ತಲೇ ತಿರುಗಿದೆ. ಜಗತ್ತಿನ ನಿರಾಶ್ರಿತರಲ್ಲಿ ಹೆಚ್ಚಿನವರು ಇರುವುದು ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಎಂಬುದನ್ನು ನೆನಪಿಸಲು ಬರೆಯುತ್ತಿದ್ದೇನೆ.

ಉಗಾಂಡ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ನಿರಾಶ್ರಿತರಿಗೆ ಆಶ್ರಯ ಕೊಟ್ಟಿರುವ ದೇಶ. ಅಲ್ಲಿನ 2006ರ ನಿರಾಶ್ರಿತರ ಕಾಯ್ದೆಯು ದುಡಿಯುವ ಹಕ್ಕನ್ನೂ ಓಡಾಡುವ ಸ್ವಾತಂತ್ರ್ಯವನ್ನೂ ಕೊಡುತ್ತದೆ, ಮತ್ತು ವಸತಿಗೂ ಬೇಸಾಯಕ್ಕೂ ಪ್ರತಿ ಕುಟುಂಬಕ್ಕೆ ತುಂಡು ಜಮೀನು ಕೊಡುವುದು ಅಲ್ಲಿನ ಪದ್ಧತಿ. ಶಿಬಿರದ ಬೇಲಿಯೊಳಗೆ ಪಡಿತರಕ್ಕೆ ಕಾಯಿಸುವ ಪದ್ಧತಿಗೆ ಹೋಲಿಸಿದರೆ ಇದು ಎಷ್ಟೋ ಮೇಲು. ಆದರೆ 2016ರಲ್ಲಿ ದಕ್ಷಿಣ ಸುಡಾನದಿಂದ ಜನ ಪ್ರವಾಹದಂತೆ ಬಂದಾಗ ತೆರೆದ ಬಿಡಿಬಿಡಿ (ಇದು ವಸತಿಯೊಂದರ ಹೆಸರು) ಮುಂತಾದ ವಸತಿಗಳಲ್ಲಿ ಕುಟುಂಬಕ್ಕೆ ಸಿಕ್ಕಿದ್ದು 30 ಮೀಟರ್ ಉದ್ದ, 30 ಮೀಟರ್ ಅಗಲದ ತುಂಡು. ಎಕರೆಯ ಕಾಲು ಭಾಗಕ್ಕೂ ಕಡಿಮೆ. ಅದರಲ್ಲೇ ಮನೆ, ಶೌಚಾಲಯ, ಅಂಗಳ. ಉಳಿದ ಜಾಗದಲ್ಲಿ ಸೊಪ್ಪು ತರಕಾರಿ ಬೆಳೆದು ಪಡಿತರಕ್ಕೆ ಕೂಡಿಸಿಕೊಳ್ಳಬಹುದು. ಅದನ್ನು ನಂಬಿ ಸ್ವಾವಲಂಬನೆ ಬಂತೆಂದು ಪಡಿತರ ಕಡಿತ ಮಾಡಿದರೆ ಹಸಿವೇ ಗತಿ.

ಅಲ್ಲಿ ಕೆಲಸ ಮಾಡಿದ ದಾರಿ ಇನ್ನೊಂದಿದೆ. ಉತ್ತರ ಉಗಾಂಡದ ಬಹುಪಾಲು ನೆಲ ಸ್ಥಳೀಯ ಕುಲಗಳ ಸಾಮುದಾಯಿಕ ಒಡೆತನದ್ದು. ನಿರಾಶ್ರಿತರ ಗುಂಪು ಮತ್ತು ಸ್ಥಳೀಯ ಜಮೀನುದಾರರು ಒಂದೇ ಸಂಘವಾಗಿ ಸೇರಿ, ಜಮೀನು ಸ್ಥಳೀಯರದ್ದು, ದುಡಿಮೆ ಇಬ್ಬರದ್ದು, ಬೀಜ ಮತ್ತು ಎತ್ತು ಯೋಜನೆಯದ್ದು, ಫಸಲು ಪಾಲು ಎಂದು ಮಾಡಿಕೊಂಡ ಏರ್ಪಾಡುಗಳಿವೆ. ನಿರಾಶ್ರಿತರಿಗೆ ಮಾತ್ರ ನೆರವು ಕೊಟ್ಟು ಪಕ್ಕದ ಬಡ ರೈತನನ್ನು ಬಿಟ್ಟರೆ ಅಸಮಾಧಾನ ಹುಟ್ಟದೆ ಇರುವುದಿಲ್ಲ. ಖುಷ್ಕಿ ಅವರು ದಂಡಕಾರಣ್ಯದ ಆದಿವಾಸಿಗಳ ಬಗ್ಗೆ ಹೇಳಿದ್ದೂ ಇದನ್ನೇ. ನೀರು, ಕಟ್ಟಿಗೆ, ಮೇವು ಇವುಗಳ ಮೇಲೆ ಬೀಳುವ ಒತ್ತಡವನ್ನು ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಳೆಕಡತ

ಇನ್ನೊಂದು ಹಳೆಯ ಪ್ರಸಂಗವನ್ನು ಚಿಕ್ಕದಾಗಿ ಸೇರಿಸುತ್ತೇನೆ. ಗ್ರೀಸ್ ಮತ್ತು ಟರ್ಕಿ ನಡುವಿನ 1923ರ ಜನಸಂಖ್ಯಾ ವಿನಿಮಯದ ಹೊತ್ತಿಗೆ ಗ್ರೀಸಿಗೆ ಏಷ್ಯಾ ಮೈನರ್ (ಇಂದಿನ ಟರ್ಕಿ) ಕಡೆಯಿಂದ ಹನ್ನೆರಡು ಲಕ್ಷದಷ್ಟು ನಿರಾಶ್ರಿತರು ಬಂದರು. ವಿಶ್ವಸಂಸ್ಥೆಗೆ ಮೊದಲಿದ್ದ ರಾಷ್ಟ್ರಸಂಘದ ಆಶ್ರಯದಲ್ಲಿ ರಚಿತವಾದ ವಸತಿ ಆಯೋಗವು 1930ರವರೆಗೆ ದುಡಿದು ಐದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಹಳ್ಳಿಗಳಲ್ಲಿ, ಅದರಲ್ಲೂ ಮ್ಯಾಸಿಡೋನಿಯ ಮತ್ತು ಥ್ರೇಸ್ ಪ್ರದೇಶಗಳಲ್ಲಿ ನೆಲೆಗೊಳಿಸಿತು. ಜಮೀನು, ಮನೆ, ಎತ್ತು, ಬೀಜ, ಉಪಕರಣ ಎಲ್ಲವನ್ನೂ ಜೊತೆಯಾಗಿ, ತೀರಿಸಬೇಕಾದ ಸಾಲವಾಗಿ ಕೊಟ್ಟದ್ದು ಅದರ ವೈಶಿಷ್ಟ್ಯ. ನಮ್ಮ ಕಾಲದ ಯೋಜನೆಗಳು ಬೀಜ ಒಬ್ಬರಿಂದ, ತರಬೇತಿ ಇನ್ನೊಬ್ಬರಿಂದ, ಜಮೀನು ಯಾರಿಂದಲೂ ಇಲ್ಲ ಎಂಬಂತೆ ಚೂರುಚೂರಾಗಿರುವುದನ್ನು ನೋಡಿದಾಗ ಆ ಒಗ್ಗಟ್ಟಿನ ಏರ್ಪಾಡು ದೊಡ್ಡದಾಗಿ ಕಾಣುತ್ತದೆ.

ಮೆಕ್ಕೆಜೋಳ

ಬೈಲಕುಪ್ಪೆಯ ಹೆಸರು ಇನ್ನೂ ಬರಲಿಲ್ಲವೆಂದು ಕಾಯುತ್ತಿದ್ದೆ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯವು ಟಿಬೆಟ್ ನಿರಾಶ್ರಿತರಿಗೆ ಸುಮಾರು 3,000 ಎಕರೆ ಅರಣ್ಯಭೂಮಿಯನ್ನು ಅಲ್ಲಿ ಕೊಟ್ಟಿತು. ಬೆಟ್ಟದ ಚಳಿಯಲ್ಲಿ ಬಾರ್ಲಿ ಬೆಳೆದು ಚಮರಿಮೃಗ ಸಾಕಿದವರು, ದಕ್ಷಿಣದ ಸೆಖೆಯಲ್ಲಿ ಕಾಡು ಸವರಿ ಹೊಲ ಮಾಡಿದರು. ಆರಂಭದ ವರ್ಷಗಳ ರೋಗರುಜಿನ, ಆನೆಗಳ ಕಾಟ ಇವುಗಳ ನೆನಪು ಆ ಸಮುದಾಯದಲ್ಲಿ ಇಂದಿಗೂ ಹಸಿಯಾಗಿದೆ. ಬಳಿಕ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಯೂ ವಸತಿಗಳಾದವು. ಇಂದು ಗ್ರಾಮೀಣಾಭಿವೃದ್ಧಿಯಲ್ಲಿ ಹೆಸರಾದ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಈ ಟಿಬೆಟನ್ನರ ಮರುವಸತಿಗಾಗಿ.

ಅಲ್ಲಿ ಬೇಸಾಯ ನೆಲೆನಿಂತದ್ದಕ್ಕೆ ಕಾರಣ ನನಗೆ ತೋರುವಂತೆ ಸಹಕಾರ ಸಂಘ. ಟ್ರ್ಯಾಕ್ಟರ್, ಬೀಜ, ಗೊಬ್ಬರ, ಮುಂಗಡ, ಕೊನೆಗೆ ಮೆಕ್ಕೆಜೋಳದ ಮಾರಾಟ, ಎಲ್ಲವೂ ಅದರ ಮೂಲಕ ನಡೆದವು. ಒಬ್ಬೊಬ್ಬನೇ ಭಾಷೆ ಬಾರದ ಮಾರುಕಟ್ಟೆಗೆ ಹೋಗಬೇಕಾಗಿರಲಿಲ್ಲ. ಆದರೆ ಈ ಚರ್ಚೆಗೆ ಮುಖ್ಯವಾದ ಎರಡು ಸಂಗತಿಗಳು ಬೇರೆ ಇವೆ. ಆ ಜಮೀನು ಒಡೆತನದ್ದಲ್ಲ, ಸರ್ಕಾರದಿಂದ ಪಡೆದ ಗುತ್ತಿಗೆಯದು. ಕುಟುಂಬಗಳು ಬೆಳೆದರೂ ಜಮೀನು ಬೆಳೆಯಲಿಲ್ಲ. ಮತ್ತು ಮಳೆಯನ್ನೇ ನೆಚ್ಚಿದ ಒಂದೇ ಬೆಳೆ ಸಂಸಾರ ತೂಗದೆ, ಚಳಿಗಾಲದಲ್ಲಿ ದೂರದ ನಗರಗಳಿಗೆ ಹೋಗಿ ಸ್ವೆಟರ್ ಮಾರುವುದು ಅನೇಕ ಕುಟುಂಬಗಳ ಎರಡನೆಯ ಆದಾಯವಾಯಿತು. ಶಾಲೆ ಕಲಿತ ಮಕ್ಕಳು ನಗರಗಳಿಗೂ ವಿದೇಶಗಳಿಗೂ ಹೋದರು, ಹೊಲಗಳಲ್ಲಿ ಕೆಲವು ಸುತ್ತಲಿನ ಹಳ್ಳಿಯವರ ಉಳುಮೆಗೆ ಬಂದವು. ಇದನ್ನು ಸೋಲು ಎಂದು ನಾನು ಕರೆಯುವುದಿಲ್ಲ. ಮಕ್ಕಳು ಓದಿ ಬೇರೆ ಕೆಲಸ ಹಿಡಿಯುವಷ್ಟು ನೆಲೆಯನ್ನು ಆ ಬೇಸಾಯ ಒದಗಿಸಿತು. ಯೋಜನೆಗಳು ಯಶಸ್ಸನ್ನು ಅಳೆಯುವಾಗ ಎಷ್ಟು ಮಂದಿ ರೈತರಾಗಿ ಉಳಿದರು ಎಂಬುದನ್ನಷ್ಟೇ ನೋಡಿದರೆ ಈ ಸಂಗತಿ ಕಾಣದೆ ಹೋಗುತ್ತದೆ.

ಸಸಿಮಡಿ

ಮೆಕ್ಕೆಜೋಳ ಅವರ ಕೊನೆಯ ಮಾತಿಗೆ ಇದನ್ನು ಜೋಡಿಸುತ್ತೇನೆ. ನಮ್ಮ ಹೊಲಕ್ಕೆ ಬರುವ ಹಿರಿಯ ಮಹಿಳೆಯರಲ್ಲಿ ಕೆಲವರಿಗೆ ಮಾರುವ ಆಸೆಯೇ ಇಲ್ಲ. ಮನೆಗೆ ಬೇಕಾದ ಸೊಪ್ಪು, ತಮ್ಮ ಭಾಷೆಯಲ್ಲಿ ಮಾತಾಡುವ ನಾಲ್ಕು ಜನ, ಬಾಗಿಲು ಮುಚ್ಚಿದ ಅಪಾರ್ಟ್‌ಮೆಂಟಿನಿಂದ ಹೊರಗೆ ಒಂದಿಷ್ಟು ಹೊತ್ತು, ಇಷ್ಟಕ್ಕಾಗಿ ಬರುತ್ತಾರೆ. ಅವರನ್ನು ವ್ಯಾಪಾರದ ತರಗತಿಗೆ ಎಳೆಯಬಾರದು, ಅವರ ಪಾತಿಯನ್ನು ವ್ಯರ್ಥವೆಂದು ಕಿತ್ತುಕೊಳ್ಳಲೂಬಾರದು. ಅದೇ ಹೊತ್ತಿಗೆ ನಿಜವಾಗಿ ವ್ಯಾಪಾರ ಮಾಡಹೊರಟವರನ್ನು ಕೈತೋಟದವರಂತೆ ನಡೆಸಿಕೊಂಡರೆ ಅದೂ ಅನ್ಯಾಯ. ಸೇರುವಾಗಲೇ ನಿಮಗೆ ಇದರಿಂದ ಏನು ಬೇಕು ಎಂದು ಅವರ ಭಾಷೆಯಲ್ಲಿ ಕೇಳಿ ಎರಡು ದಾರಿಗಳನ್ನು ಬೇರೆಯಾಗಿ ಇಡುವುದು ಒಳ್ಳೆಯದು. ದುಭಾಷಿಯ ಕೆಲಸಕ್ಕೆ ಮನೆಯ ಮಗುವನ್ನು ನಿಲ್ಲಿಸಬೇಡಿ. ಔಷಧ ಸಿಂಪಡಣೆಯ ಎಚ್ಚರಿಕೆ, ಕರಾರಿನ ಷರತ್ತು, ಸಾಲದ ಮೊತ್ತ ಇವನ್ನು ಹತ್ತು ವರ್ಷದ ಹುಡುಗಿಯ ಬಾಯಿಂದ ಅಪ್ಪ ಕೇಳಬೇಕಾಗಿ ಬರುವುದು ಇಬ್ಬರಿಗೂ ಒಳ್ಳೆಯದಲ್ಲ.

ನೇಗಿಲಗೆರೆ

ಎಲ್ಲರಿಗೂ ಕೃತಜ್ಞತೆಗಳು. ಇಂಥ ಹೊಲವೊಂದನ್ನು ಆರಂಭಿಸಲು ಯೋಚಿಸುತ್ತಿರುವ ಗುಂಪೊಂದು ಗುತ್ತಿಗೆ ಕರಾರಿನಲ್ಲಿ ಏನೇನು ಇರಬೇಕೆಂದು ನನ್ನನ್ನು ಕೇಳಿದೆ. ಈ ಚರ್ಚೆಯ ಬಲದ ಮೇಲೆ ಅವರಿಗೆ ಹೀಗೆ ಬರೆಯಲಿದ್ದೇನೆ, ತಿದ್ದುಪಡಿಗಳಿದ್ದರೆ ಹೇಳಿ.

ಕರಾರು ರೈತನಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಮತ್ತು ಗಂಡಹೆಂಡಿರಿಬ್ಬರ ಹೆಸರಿನಲ್ಲೂ ಇರಬೇಕು, ಏಕೆಂದರೆ ಹೊಲದಲ್ಲಿ ಹೆಚ್ಚು ಹೊತ್ತು ದುಡಿಯುವವಳು ಹೆಂಡತಿಯಾಗಿದ್ದು ಕಾಗದದಲ್ಲಿ ಆಕೆಯ ಹೆಸರೇ ಇಲ್ಲದಿರುವುದು ಸಾಮಾನ್ಯ. ತರಬೇತಿಯ ಅವಧಿ ಎಷ್ಟೇ ಇರಲಿ, ಅದು ಮುಗಿದ ಮೇಲೆ ಬೇರೆ ಜಮೀನು ಸಿಗುವವರೆಗೆ ಅದೇ ತುಂಡಿನಲ್ಲಿ ಮುಂದುವರಿಯುವ ಹಕ್ಕು ಬೇಕು. ಗೇಣಿ ಯಾವ ವರ್ಷ ಎಷ್ಟು ಏರುತ್ತದೆ ಎಂಬುದು ಮೊದಲ ದಿನವೇ ಅಂಕಿಗಳಲ್ಲಿ ಬರೆದಿರಬೇಕು. ಬಿತ್ತನೆಯಾದ ಮೇಲೆ ಕಟಾವು ಮುಗಿಯುವವರೆಗೆ ಯಾವ ಕಾರಣಕ್ಕೂ ತೆರವು ಮಾಡಿಸುವಂತಿಲ್ಲ ಎಂಬ ಷರತ್ತು ಇರಬೇಕು. ಇನ್ನು, ರೈತ ತನ್ನ ಖರ್ಚಿನಲ್ಲಿ ಹಾಕಿದ ಗೊಬ್ಬರ, ಬೇಲಿ, ಕೊಳವೆ, ಚಪ್ಪರ ಇವುಗಳ ಉಳಿದ ಬೆಲೆಯನ್ನು ಬಿಟ್ಟು ಹೋಗುವಾಗ ಲೆಕ್ಕ ಹಾಕಿ ಕೊಡಬೇಕು. ಮಣ್ಣಿನ ಫಲವತ್ತತೆಗೆ ಬೆಲೆ ಕಟ್ಟುವುದು ಹೇಗೆ ಎಂದು ಆ ಗುಂಪಿನವರು ಕೇಳಿದರು. ಸೇರುವ ವರ್ಷ ಮತ್ತು ಬಿಡುವ ವರ್ಷ ಎರಡರಲ್ಲೂ ಮಣ್ಣು ಪರೀಕ್ಷೆ ಮಾಡಿಸಿ ಸಾವಯವ ಅಂಶದ ವ್ಯತ್ಯಾಸ ನೋಡುವುದು ಒಂದು ದಾರಿ; ಆದರೆ ಅದು ನಿಧಾನವಾಗಿ ಏರುವ ಸಂಖ್ಯೆಯಾದ್ದರಿಂದ, ಹಾಕಿದ ಗೊಬ್ಬರದ ರಶೀದಿಗಳನ್ನು ಆಧಾರವಾಗಿಟ್ಟು ವರ್ಷಕ್ಕೆ ಇಷ್ಟು ಪಾಲು ಕಳೆಯುತ್ತಾ ಬರುವುದೇ ಜಗಳಕ್ಕೆ ಎಡೆಗೊಡದ ಕ್ರಮವೆಂದು ನನಗೆ ತೋರುತ್ತದೆ. ಜಮಾಖರ್ಚು ಅವರೇ, ಆ ಪಾಲನ್ನು ಎಷ್ಟು ವರ್ಷಗಳಿಗೆ ಹಂಚಬೇಕೆಂಬ ಬಗ್ಗೆ ನಿಮ್ಮ ಸಲಹೆ ಬೇಕು.

ಜಮಾಖರ್ಚು

ಕಾಂಪೋಸ್ಟು ಮತ್ತು ಕೊಟ್ಟಿಗೆ ಗೊಬ್ಬರಕ್ಕೆ ಮೂರು ವರ್ಷ ಇಟ್ಟುಕೊಳ್ಳಿ; ಮೊದಲ ವರ್ಷ ಅರ್ಧ, ಉಳಿದ ಎರಡರಲ್ಲಿ ಕಾಲು ಕಾಲು ಪಾಲು ಕಳೆಯಿರಿ, ಏಕೆಂದರೆ ಅದರ ಸತ್ವ ಬೆಳೆಗೆ ಸಿಗುವುದೂ ಸುಮಾರು ಹಾಗೆಯೇ, ಮೊದಲಿಗೆ ಹೆಚ್ಚು, ಆಮೇಲೆ ಕಡಿಮೆ. ಸುಣ್ಣ ಹಾಕಿದ್ದರೆ ನಾಲ್ಕೈದು ವರ್ಷ. ಚಪ್ಪರದ ಕಬ್ಬಿಣದ ಕಮಾನಿಗೂ ಮೇಲಿನ ಪ್ಲಾಸ್ಟಿಕ್ಕಿಗೂ ಬೇರೆ ಬೇರೆ ಲೆಕ್ಕ ಬರೆಯಿರಿ: ಪ್ಲಾಸ್ಟಿಕ್ ನಾಲ್ಕು ವರ್ಷದಲ್ಲಿ ಹಾಳಾಗುತ್ತದೆ, ಕಮಾನು ಬಹುಕಾಲ ಬಾಳುತ್ತದೆ ಮತ್ತು ಅದನ್ನು ಬಿಚ್ಚಿ ಒಯ್ಯುವ ಹಕ್ಕನ್ನೂ ರೈತನಿಗೆ ಕೊಡಬೇಕು. ರಶೀದಿಗಳ ಪ್ರತಿಯನ್ನು ಸಂಸ್ಥೆಯ ಕಚೇರಿಯಲ್ಲೂ ಒಂದು ಇಡಿಸಿ, ಕಾಗದ ಕಳೆದುಹೋಯಿತೆಂಬ ಕಾರಣಕ್ಕೆ ಯಾರ ಹಣವೂ ಹೋಗಬಾರದು. ಕರಾರಿನ ಕರಡು ಸಿದ್ಧವಾದಾಗ ಇಲ್ಲಿ ಹಾಕಿದರೆ ಲೆಕ್ಕದ ಭಾಗವನ್ನು ನಾನು ನೋಡಿಕೊಡುತ್ತೇನೆ.